ಹೊಗೆ ಪರೀಕ್ಷೆಯಲ್ಲಿ ಫೇಲಾದ ನಮ್ಮ ಕಾರು

ಆ ದಿನಗಳಲ್ಲಿ ಸಿಮೆಂಟ್ ಕಾರ್ಖಾನೆಯ ಊರಾದ ವಾಡಿಯಲ್ಲಿ ನಮ್ಮ ಓಣಿಯ ಧೂಳಿಗೂ ಒಂದು ರೇಷನ್ ಕಾರ್ಡು ಕೊಡಬಹುದಿತ್ತು. ಅದು ಅಷ್ಟರಮಟ್ಟಿಗೆ ಮನೆಯವರಲ್ಲೊಬ್ಬರಾಗಿತ್ತು. ಅವ್ವ ಕುಡಿಯುವ ನೀರಿನ ಕೊಡಕ್ಕೆ, ಹಿಟ್ಟಿನ ಬುಟ್ಟಿಗೆ, ಹಾಲಿನ ಪಾತ್ರೆಗೆ ಅರಿವೆ ಮುಚ್ಚಿಯೇ ಇಡುತ್ತಿದ್ದಳು. ಬೆಳಿಗ್ಗೆ ಒರೆಸಿದ ನೆಲದ ಪರಸಿ ಕಲ್ಲಿನ ಮೇಲೆ ಮಧ್ಯಾಹ್ನ ನಾವು ಬೆರಳಿನಿಂದಲೇ ಕುಂಟಾಬಿಲ್ಲೆಯ ಮನೆ ಬರೆಯುತ್ತಿದ್ದೆವು, ಸೀಮೆಸುಣ್ಣ ಬೇಕಿರಲಿಲ್ಲ. ಇಂಥ ಊರಲ್ಲಿ ಬೆಳೆದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಆ ಒಣ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಹೋಗುವುದಿಲ್ಲ.

ಮನೆಯ ಮುಂದೆ ಬೇವಿನ ಮರದ ಕೆಳಗೆ ನಮ್ಮದೊಂದು ಹಳೆಯ ಪೆಟ್ರೋಲ್ ಕಾರು ನಿಲ್ಲುತ್ತಿತ್ತು. ಶಾಲಾ ಮಾಸ್ತರನಾಗಿದ್ದ ಅಪ್ಪ ಅದನ್ನು ಶಹಾಬಾದಿನ ಕಲ್ಲಿನ ವ್ಯಾಪಾರಿಯೊಬ್ಬರಿಂದ ಕೊಂಡಿದ್ದ. ಶೋಕಿಗಲ್ಲ, ಮುತ್ಯಾನಿಗಾಗಿ. ಮುತ್ಯಾ ಎಂದರೆ ಅಪ್ಪನ ಅಪ್ಪ. ವಯಸ್ಸಿದ್ದಾಗಲೆಲ್ಲ ಶಹಾಬಾದಿನ ಕಡೆ ಕಲ್ಲು ಪಾಲಿಶ್ ಮಾಡುವ ಶೆಡ್ಡುಗಳಲ್ಲಿ ದುಡಿದವನು. ಅವನ ಎದೆಯಲ್ಲಿ ಕಲ್ಲಿನ ಪುಡಿ ಕೂತಿದೆ ಎಂದು ಡಾಕ್ಟರು ಹೇಳಿದ್ದರು. ವಾರಕ್ಕೊಮ್ಮೆ ಗುಲಬರ್ಗಾದ ದವಾಖಾನೆಗೆ ಹೋಗಲೇಬೇಕಿತ್ತು. ವಾಡಿ ಜಂಕ್ಷನ್ ಊರು, ರೈಲಿಗೇನೂ ಬರವಿರಲಿಲ್ಲ. ಆದರೆ ಸ್ಟೇಷನ್ನಿನ ಮೆಟ್ಟಿಲು ಮುತ್ಯಾನಿಂದ ಆಗದ ಮಾತು. ಬಸ್ಸಿನ ನೂಕುನುಗ್ಗಲಲ್ಲಿ ಒಮ್ಮೆ ಅವನ ಉಸಿರು ನಿಂತಂತಾಗಿ ಎಲ್ಲರ ಜೀವ ಬಾಯಿಗೆ ಬಂದಿತ್ತು. ಹಾಗಾಗಿ ಕಾರು ನಿಂತರೆ ಮುತ್ಯಾನ ದವಾಖಾನೆಯೂ ನಿಂತಂತೆ. ಒಂಬತ್ತು ವರ್ಷದ ಹುಡುಗಿಯಾದ ನನಗೂ ಅದು ಗೊತ್ತಿತ್ತು.

ಆ ಚಳಿಗಾಲದಲ್ಲಿ ಕಾರಿನ ನೋಂದಣಿಯ ಅವಧಿ ಮುಗಿಯುತ್ತಾ ಬಂದಿತ್ತು. ಮುಂದುವರಿಸಬೇಕಾದರೆ ಮೊದಲು ಹೊಗೆ ತಪಾಸಣೆಯ ಸರ್ಟಿಫಿಕೇಟು ಬೇಕು. ಅಪ್ಪ ಗಾಡಿ ತೊಳೆದು, ಮುತ್ಯಾನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ನನ್ನನ್ನು ಹಿಂದೆ ಹಾಕಿಕೊಂಡು ಪೆಟ್ರೋಲ್ ಬಂಕಿನ ಪಕ್ಕದ ಸಣ್ಣ ಕೋಣೆಗೆ ಕರೆದೊಯ್ದ. ಅಲ್ಲಿದ್ದವನು ಸೈಲೆನ್ಸರಿಗೆ ಒಂದು ಕೊಳವೆ ತೂರಿಸಿ ಮಷಿನ್ ನೋಡಿದ.

"ಫೇಲ್ ಅದರೀ ಮಾಸ್ತರ್. ಭಾಳ ಜಾಸ್ತಿ ತೋರಸಾಕತ್ತದ."

"ಇನ್ನೊಮ್ಮೆ ಹಚ್ಚಿ ನೋಡ್ರಿ," ಅಂದ ಅಪ್ಪ.

"ಎಷ್ಟ್ ಸಲ ಹಚ್ಚಿದ್ರೂ ಅಷ್ಟೇ ರಿ. ರಿಪೇರಿ ಮಾಡಿಸ್ಕೊಂಡು ಬರ್ರಿ."

ಮುತ್ಯಾ ಕಿಟಕಿಯಿಂದ ಆ ಮಷಿನ್ನನ್ನೇ ನೋಡುತ್ತಿದ್ದ. "ಗಾಡಿ ಎಷ್ಟ್ ಹೊಗಿ ಬಿಡ್ತದ ಅಂತ ನೋಡ್ಲಿಕ್ಕ ಮಷಿನ್ ಅದ. ನಾವು ಶೆಡ್ಡಿನ್ಯಾಗ ಎಷ್ಟ್ ಧೂಳ ನುಂಗಿದ್ವಿ ಅಂತ ಯಾರೂ ನೋಡ್ಲಿಲ್ಲ," ಎಂದು ನಕ್ಕ. ನಗು ಕೆಮ್ಮಾಗಿ, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಅಪ್ಪ ನಗಲಿಲ್ಲ.

ನಮ್ಮ ಅಪ್ಪನಿಗೆ ಸೋಲು ಅಂದರೆ ಮೈಯೆಲ್ಲ ಉರಿ. ಮಕ್ಕಳನ್ನು ಫೇಲು ಮಾಡುವ ಕೈ ಅದು, ತಾನೇ ಫೇಲಾಗಿ ಅಭ್ಯಾಸವಿರಲಿಲ್ಲ. ನೇರವಾಗಿ ಖಾಜಾ ಮಿಸ್ತ್ರಿಯ ಗ್ಯಾರೇಜಿಗೆ ಗಾಡಿ ತಿರುಗಿಸಿದ. ಮಿಸ್ತ್ರಿ ಪ್ಲಗ್ಗು ತೆಗೆದು ತೋರಿಸಿದ. ಒಲೆಯ ಮೇಲಿನ ಗಡಿಗೆಯ ತಳದ ಹಾಗೆ ಕಪ್ಪಾಗಿತ್ತು.

"ಗಾಳಿ ಕಮ್ಮಿ ಬೀಳ್ಲಿಕತ್ತದ ಮಾಸ್ತರ್ ಸಾಬ್. ಏರ್ ಫಿಲ್ಟರ್ ನೋಡ್ಲೇನು?"

"ಅದು ದಸರಾಕ್ಕ ನಾನೇ ಹೊಸಾದು ಹಾಕೀನಿ. ಅದನ್ನ ಮುಟ್ಟಬ್ಯಾಡ. ಬ್ಯಾರೆ ನೋಡು."

ಮಾಸ್ತರ ಹೇಳಿದ ಮೇಲೆ ಮುಗಿಯಿತು. ಮಿಸ್ತ್ರಿ ಬೇರೆಯದನ್ನೇ ನೋಡಿದ. ಪ್ಲಗ್ಗು ಬದಲಾಯಿಸಿದ, ಕಾರ್ಬೊರೇಟರ್ ತೊಳೆದ, ಸ್ಕ್ರೂ ತಿರುಗಿಸಿದ. ಮತ್ತೆ ಹೋದೆವು, ಮತ್ತೆ ಫೇಲು. ಆ ವಾರ ದವಾಖಾನೆಗೆ ಹೋಗುವ ದಾರಿಯಲ್ಲಿ ಗಾಡಿ ಹಿಡಿಹಿಡಿದು ಎಳೆಯಿತು, ಒಳಗೆಲ್ಲ ಪೆಟ್ರೋಲ್ ವಾಸನೆ. ಮುತ್ಯಾ ಮೂಗಿಗೆ ಟವೆಲ್ಲು ಹಿಡಿದುಕೊಂಡು ಕೂತಿದ್ದ.

ಎಳ್ಳಮಾವಾಸ್ಯೆ ಬಂತು. ಅವ್ವ ಹಸಿ ತೊಗರಿ, ಅವರೆ, ಸೊಪ್ಪು ಎಲ್ಲ ಹಾಕಿ ಭಜ್ಜಿ ಕುದಿಸಿದ್ದಳು. ಸಜ್ಜೆ ರೊಟ್ಟಿಯ ಮೇಲಿನ ಎಳ್ಳು ಹುರಿದ ವಾಸನೆ ಓಣಿಯ ತುದಿಯವರೆಗೂ ಹೋಗಿತ್ತು. ಬೇರೆ ಮನೆಯವರು ಬುತ್ತಿ ಕಟ್ಟಿಕೊಂಡು ಪೂಜೆಗೆಂದು ಹೊಲಕ್ಕೆ ನಡೆದರು. ನಮ್ಮ ಮನೆಯಲ್ಲಿ ಮಾತ್ರ ಅಪ್ಪ ತಟ್ಟೆಯ ಮುಂದೆ ರೊಟ್ಟಿ ಮುರಿಯದೆ ಕೂತಿದ್ದ.

"ಈ ಗಾಡಿ ಗುಜರಿಗಿ ಹಾಕೋದೇ ಆತೇನೋ," ಅಂದ.

"ಮಾವಾರ್ನ ಹ್ಯಾಂಗ ಕರಕೊಂಡು ಹೋಗ್ತೀರಿ ಮತ್ತ?" ಅವ್ವ ಮೆಲ್ಲಗೆ ಕೇಳಿದಳು.

"ನನಗೇನ್ ಗೊತ್ತು! ಹೊತ್ಕೊಂಡು ಹೋಗ್ಲೇನು?" ಅಪ್ಪ ಚೀರಿದ. ಪಡಸಾಲೆಯಲ್ಲಿದ್ದ ಮುತ್ಯಾನಿಗೆ ಅದು ಕೇಳಿಸಿತ್ತು. ಅವನು ಆ ದಿನ ಊಟವೇ ಬೇಡವೆಂದ. ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ಭಯವೂ ಆಯಿತು.

ಮರುದಿನ ಮೂವರೂ ಮತ್ತೆ ಗ್ಯಾರೇಜಿಗೆ ಹೋದೆವು. ಈ ಸಲ ಮಿಸ್ತ್ರಿ ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ಫಿಲ್ಟರಿನ ಮುಚ್ಚಳ ತಿರುಗಿಸಿ ತೆಗೆದೇಬಿಟ್ಟ. ಒಳಗೆ ಬಗ್ಗಿ ನೋಡಿದ.

"ಇದು ಯಾರ್ ಕಟ್ಯಾರ ರಿ?"

ಹೊಸ ಫಿಲ್ಟರಿನ ಸುತ್ತ ನಾಲ್ಕು ಪದರು ಮಡಚಿದ, ಮುತ್ಯಾನ ಹಳೆಯ ಧೋತರದ ತುಂಡು. ಕೂಸಿಗೆ ಕುಲಾವಿ ಕಟ್ಟಿದಂತೆ ಬಿಗಿಯಾಗಿ ಕಟ್ಟಿತ್ತು. ಅದರ ಮೇಲೆಲ್ಲ ಧೂಳು ಮೆತ್ತಿ, ಗಾಳಿ ಹೋಗಲು ಜಾಗವೇ ಉಳಿದಿರಲಿಲ್ಲ.

ಅಪ್ಪ ಮುತ್ಯಾನ ಕಡೆ ತಿರುಗಿದ. "ನೀ ಕಟ್ಟಿದ್ದೇನಪ್ಪಾ?"

"ಹೂಂ. ನೀ ಸಾಲಿಗಿ ಹೋದಾಗ ಕಟ್ಟೀನಿ. ಒಳಗ ನೋಡಿದ್ರ ಬರೇ ಕಾಗದ ಇತ್ತು. ಕಾಗದ ಏನ್ ಧೂಳ ತಡೀತದ?" ಮುತ್ಯಾ ಉಸಿರು ತೆಗೆದುಕೊಳ್ಳಲು ನಿಂತ. "ಆವಾಗ ನಮ್ಮ ಮೂಗಿಗಿ ಕಟ್ಟವ್ರು ಯಾರೂ ಇರ್ಲಿಲ್ಲ. ಇದಕ್ಕರ ಕಟ್ಟಮು ಅಂತ ಕಟ್ದೆ. ತಪ್ಪಾತೇನೋ?"

ಅಪ್ಪನ ನಾಲಿಗೆಯ ತುದಿಗೆ ಬಂದಿದ್ದ ಬೈಗುಳ ಎಲ್ಲಿ ಹೋಯಿತೋ ಕಾಣೆ. ಅವನು ಗ್ಯಾರೇಜಿನ ಹಿಂದಕ್ಕೆ ಹೋಗಿ ನೀರಿನ ಪೀಪಾಯಿಯ ಬಳಿ ಬಹಳ ಹೊತ್ತು ಮುಖ ತೊಳೆದ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಟ್ಟೆ ಬಿಚ್ಚಿದ ಮೇಲೆ ಗಾಡಿ ಬೇರೆಯದೇ ಗಾಡಿಯಾಯಿತು. ಹೊಗೆ ತಪಾಸಣೆ ಪಾಸಾಯಿತು. ಕಚೇರಿಯಲ್ಲಿ ಅಪ್ಪ ಹಲವು ಸಲ ಅಲೆದು, ಕೈಮುಗಿದು, ಕೊನೆಗೆ ಐದು ವರ್ಷದ ಮುಂದುವರಿಕೆ ತಂದ. ಆ ಸಂಜೆ ಅವ್ವ ತೊಗರಿಕಾಯಿ ಕುದಿಸಿ ಉಪ್ಪು ಹಾಕಿ ಮುಂದಿಟ್ಟಳು. ಎಲ್ಲರೂ ಕಾರಿನ ಸುತ್ತ ಕೂತು ಸುಲಿದು ತಿಂದೆವು. ಇನ್ನು ಮುತ್ಯಾನಿಗೆ ಏನೂ ಆಗುವುದಿಲ್ಲ ಎಂದು ನಾನು ಪೂರ್ತಿ ನಂಬಿದ್ದೆ.

ಅದೇ ವಾರ ಗುಲಬರ್ಗಾಕ್ಕೆ ಹೋದಾಗ ಡಾಕ್ಟರು ಮುತ್ಯಾನ ಎದೆಯ ಫೋಟೋ ಬೆಳಕಿಗೆ ಹಿಡಿದು ನೋಡಿದರು. "ಇನ್ಮ್ಯಾಲ ವಾರ ವಾರ ಕರಕೊಂಡು ಬರೋದು ಬ್ಯಾಡ್ರಿ. ಮನ್ಯಾಗೇ ಛಲೋ ನೋಡ್ಕೋರಿ," ಅಂದರು. ಅಪ್ಪ ಆ ಫೋಟೋ ಕವರಿಗೆ ಹಾಕಿಕೊಂಡು ಮುತ್ಯಾನ ಕೈ ಹಿಡಿದು ಎಬ್ಬಿಸಿದ.

ಹೊರಗೆ ಬಂದು ಮುಂದಿನ ಸೀಟಿನಲ್ಲಿ ಕೂತ ಮುತ್ಯಾ ನನ್ನ ಕಡೆ ತಿರುಗಿ, "ನೋಡ್ ಯವ್ವಾ, ಗಾಡೀನೂ ಪಾಸಾತು, ನಾನೂ ಪಾಸಾದೆ," ಅಂದ. ನಾನು ಚಪ್ಪಾಳೆ ಹೊಡೆದೆ. ಶಹಾಬಾದ ದಾಟುವವರೆಗೂ ಹೊಡೆಯುತ್ತಲೇ ಇದ್ದೆ. ಅಪ್ಪ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಡಾಕ್ಟರ ಮಾತಿನ ಅರ್ಥ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮುತ್ಯಾನಿಗೆ ಅವತ್ತೇ ತಿಳಿದಿತ್ತು ಅಂತ ಈಗ ಅನ್ನಿಸುತ್ತದೆ.

ಯುಗಾದಿಗೆ ಮೊದಲೇ ಅವನು ಹೋದ. ಈಗ ನನ್ನದೇ ಒಂದು ಕಾರಿದೆ, ಕಲಬುರಗಿಯ ರಸ್ತೆ ಸಾಪಾಗಿದೆ, ಗಾಜು ಏರಿಸಿದರೆ ಧೂಳಿನ ಕಾಟವೂ ಇಲ್ಲ. ಹಳೆಯ ಕಾರನ್ನು ಅಪ್ಪ ಮಾರಲಿಲ್ಲ, ಓಡಿಸಲೂ ಇಲ್ಲ. ಅಷ್ಟು ಕಾಡಿ ಬೇಡಿ ತಂದ ಐದು ವರ್ಷಗಳು ಅದರ ಬಳಿ ಹಾಗೇ ಉಳಿದವು. ಅವು ಬೇಕಾಗಿದ್ದವನಿಗೆ ಸಿಕ್ಕದ್ದು ಒಂದು ಚಳಿಗಾಲದ ಕೊನೆಯ ತುಣುಕು ಮಾತ್ರ.