ಕುದಿಸಿದ ಕುಡಗೋಲು

ಹೆರಿಗೆಯ ವಿದ್ಯೆಯಲ್ಲಿ ನಾನು ಪಾಸಾದವನು ಎಂದು ನನ್ನ ಸರ್ಟಿಫಿಕೇಟು ಹೇಳುತ್ತಿತ್ತು. ನಿಜ ಹೇಳಬೇಕೆಂದರೆ, ವೈದ್ಯಶಾಲೆಯಲ್ಲಿ ನಾನು ಹೆರಿಗೆ ಮಾಡಿಸಿದ್ದು ಚರ್ಮದ ಗೊಂಬೆಯೊಂದಕ್ಕೆ. ಕಟ್ಟಿಗೆಯ ಚೌಕಟ್ಟಿನಿಂದ ನಾವೆಲ್ಲ ಅದನ್ನು ಎಳೆದೂ ಎಳೆದೂ ಅದರ ಒಂದು ಕಿವಿ ಸವೆದೇ ಹೋಗಿತ್ತು. ಜೀವಂತ ಹೆರಿಗೆ ನೋಡಿದ್ದು ಎರಡು ಸಲ, ಅದೂ ಮೂರನೆಯ ಸಾಲಿನಲ್ಲಿ ನಿಂತು. ಕಂಡದ್ದೆಲ್ಲ ಮುಂದಿನವರ ಹೆಗಲು. ಇಷ್ಟು ಬಂಡವಾಳ ಹೊತ್ತು, ರಾಮದುರ್ಗದ ಒಕ್ಕಲುತನದ ಮನೆಯವನಾದ ನಾನು ಸವದತ್ತಿ ಕಡೆಯ ಒಂದು ದವಾಖಾನೆಗೆ ಡಾಕ್ಟರನಾಗಿ ಬಂದು ಕುಳಿತೆ.

ಜ್ವರದವರು ಬಂದರು, ಕಣ್ಣುಬೇನೆಯವರು ಬಂದರು, ಮುಳ್ಳು ಮುರಿದುಕೊಂಡವರು ಬಂದರು. ಬಸುರಿಯೊಬ್ಬಳೂ ಬರಲಿಲ್ಲ. ಹೆರಿಗೆಯ ಖೋಲಿಯೊಳಗೆ ಗಂಡಸಿನ ನೆರಳೂ ಬೀಳುವಂತಿರಲಿಲ್ಲ. ಅಲ್ಲಿ ಸೂಲಗಿತ್ತಿಯದೇ ದರ್ಬಾರು. ನನಗೋ ಹುಟ್ಟಿನಿಂದ ಬಂದ ಒಂದು ಚಟ: ಮುಚ್ಚಿದ ಬಾಗಿಲು ಕಂಡರೆ ಒಳಗೇನು ನಡೆದಿದೆ ಎಂದು ತಿಳಿಯುವವರೆಗೆ ಊಟ ಸೇರುವುದಿಲ್ಲ. ಕಡೆಗೆ ನಾಚಿಕೆ ಬಿಟ್ಟು ಆ ಊರಿನ ಮುದುಕಿ ಸೂಲಗಿತ್ತಿಯ ಮನೆಗೇ ಹೋಗಿ, ನನಗೂ ಕಲಿಸು ಎಂದು ಕೇಳಿದೆ.

“ಅಷ್ಟೊಂದು ಪುಸ್ತಕ ಓದಿದವರಿಗೆ ನಾ ಏನ್ ಕಲಸ್ಲಿರಿ, ಸಾಹೇಬ್ರ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಒಂದು ಕಂಬಳಿ ತಂದು, ಅದರಡಿ ಒಂದು ಸಣ್ಣ ಕುಂಬಳಕಾಯಿಯನ್ನೂ ಹಿಟ್ಟಿನ ಚೀಲವನ್ನೂ ಜೋಡಿಸಿಟ್ಟಳು. “ಕಣ್ಣ ಮುಚ್ರಿ. ತಲಿ ಯಾವ ಕಡೆ ಐತಿ, ಕುಂಡಿ ಯಾವ ಕಡೆ ಐತಿ, ಕೈಲೆ ನೋಡಿ ಹೇಳ್ರಿ.”

ನಾನು ಹಿಟ್ಟಿನ ಚೀಲವನ್ನು ತಲೆ ಎಂದೆ.

“ತಲಿ ಇಷ್ಟು ಮೆತ್ತಗಿದ್ರ ಈ ಕೂಸು ಮುಂದ ಡಾಕ್ಟರ್ ಆಗೂದ ಖರೆ,” ಎಂದಳು.

ಹೀಗೆ ಶುರುವಾದ ಪಾಠ ಮಧ್ಯಾಹ್ನಗಳಲ್ಲಿ ಬಿಡುವು ಸಿಕ್ಕಾಗಲೆಲ್ಲ ನಡೆಯಿತು. ಮಗು ಹುಟ್ಟಿದೊಡನೆ ಹೊಕ್ಕುಳಬಳ್ಳಿ ಕೊಯ್ಯಬೇಕೆಂದು ನನ್ನ ಪುಸ್ತಕ ಹೇಳಿತ್ತು. ಇವಳು ಕೊಯ್ಯುವುದು ಕೂಸಿನ ಹಿಂದೆ ಬರುವ ಮಾಸು ಬಿದ್ದ ಮೇಲೆ. ಯಾಕೆ ಎಂದು ಕೇಳಿದೆ. “ಬಳ್ಳ್ಯಾಗ ನಾಡಿ ಬಡಿತ ಇರೂತನಾ ಕೂಸು ತಾಯಿ ಕಡಿಂದ ಉಣ್ಣಾಕ ಹತ್ತಿರತೈತಿ. ಉಣ್ಣೂವಾಗ ತಾಟ ಕಸಗೋತಾರೇನ್ರಿ?” ಅಡ್ಡಿಯಿಲ್ಲ, ಮಾತು ಚಂದ ಇದೆ ಎಂದುಕೊಂಡೆ, ನಂಬಲಿಲ್ಲ.

ಯಾವುದರಿಂದ ಕೊಯ್ಯುತ್ತೀ ಎಂದೂ ಕೇಳಿದೆ. ಆಯಾ ಮನೆಯ ಕಸುಬಿನ ಹತಾರವೇ ಆಗಬೇಕಂತೆ: ಬಡಿಗೇರರಲ್ಲಿ ಉಳಿ, ಒಕ್ಕಲಿಗರಲ್ಲಿ ಕುಡಗೋಲು. ಕೂಸು ಮನೆತನದ ಕೆಲಸ ಬಿಡಬಾರದೆಂದು ಆ ರೂಢಿ. ಕುಡಗೋಲು ಹೊಲದಿಂದ ಬಂದ ಹಾಗೇ ಖೋಲಿಯೊಳಗೆ ಹೋಗುತ್ತಿತ್ತು. ಎಂಟನೆಯ ದಿನದ ಹೊತ್ತಿಗೆ ಬಾಯಿ ಬಿಗಿದು, ಮೊಲೆ ಹಿಡಿಯಲಾರದೆ ಸೆಟೆದು ಸಾಯುವ ಕೂಸುಗಳ ಬಗ್ಗೆ ಕೇಳಿದೆ. ಮುದುಕಿಯ ನಗು ಇಳಿದುಹೋಯಿತು. “ಭಾಳ ಹೋಗ್ಯಾವ್ರಿ, ನನ್ನ ಕೈಯಾಗ.” ಮಣ್ಣಿನ, ಸೆಗಣಿಯ ವಿಷ ಹತಾರಕ್ಕೆ ಹತ್ತಿರುತ್ತದೆ, ಕುದಿಸಿದರೆ ಸಾಯುತ್ತದೆ ಎಂದು ವಿವರಿಸಿದೆ. ಈಗ ಪ್ರಶ್ನೆ ಕೇಳುವ ಸರದಿ ಅವಳದು. ಎಷ್ಟೊತ್ತು ಕುದಿಯಬೇಕು? ಕೈ ಹೆಂಗ ತೊಳೀಬೇಕು? ಕುದಿಸಿದ್ದು ಏನಕ್ಕಾದರೂ ಮುಟ್ಟಿದರೆ? ಮತ್ತೆ ಕುದಿಸಬೇಕು ಎಂದು ದೊಡ್ಡ ಪಂಡಿತನ ಹಾಗೆ ಹೇಳಿದೆ.

ಜೋಳದ ಸುಗ್ಗಿ ಮುಗಿದ ಹೊತ್ತಿಗೆ ಚಚಡಿ ಹತ್ತಿರದ ಒಂದು ಒಕ್ಕಲಿಗರ ಮನೆಯ ಸೊಸೆಗೆ ದಿನ ತುಂಬಿದವು. ಮೊದಲಿನ ಎರಡೂ ಕೂಸುಗಳು ಎಂಟನೆಯ ದಿನವೇ ಹೋಗಿದ್ದವು. ಸೂಲಗಿತ್ತಿ ಅತ್ತೆಯನ್ನು ಒಪ್ಪಿಸಿ ನನ್ನನ್ನು ಕರೆಸಿದಳು. ಬಾಗಿಲ ಹೊರಗೆ ಕುಳಿತು ಕುಡಗೋಲು ಕುದಿಸುವುದಕ್ಕೆ. ಅಷ್ಟು ಓದಿದ್ದಕ್ಕೆ ಸಿಕ್ಕ ಹುದ್ದೆ ಅದು. ಅಂಗಳದಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚಿದೆ.

ನಡುಮಧ್ಯಾಹ್ನ ಕೂಸು ಬಂತು. ಅಳು ಬರಲಿಲ್ಲ. “ಕುಡಗೋಲು ತಗೊ, ಬಳ್ಳಿ ಕೊಯ್ದು ಕೂಸನ್ನು ಇತ್ತ ಕೊಡು!” ಎಂದು ಕೂಗಿಕೊಂಡೆ. “ಸುಮ್ಮ ಕುಂದರ್ರಿ! ಬಳ್ಳಿ ಇನ್ನೂ ಬಡೀತೈತಿ,” ಎಂದು ಒಳಗಿನಿಂದ ಗದರಿದಳು. ನಾನು ಒಲೆಗೆ ಕಟ್ಟಿಗೆ ಒಟ್ಟುತ್ತ ಕುಳಿತೆ. ಕೊನೆಗೆ ಸಣ್ಣಗೊಂದು ಅಳು ಕೇಳಿತು, ಆಮೇಲೆ ದೊಡ್ಡದಾಗಿ. ಪುಸ್ತಕದ ಮೇಲೆ ನನಗೆ ಎಂದೂ ಅಷ್ಟು ಸಿಟ್ಟು ಬಂದಿರಲಿಲ್ಲ.

ಮಾಸು ಬಿದ್ದ ಮೇಲೆ ಬಾಗಿಲು ಒಂದು ಗೇಣು ತೆರೆಯಿತು. ತೊಳೆದ ಕೈ ಹೊರಗೆ ಬಂತು. ಕುಡಗೋಲನ್ನು ನೀರಿನಿಂದ ತೆಗೆದೆ. ನಮ್ಮ ಮನೆಯಲ್ಲಿ ಕುಡಗೋಲು ಹಿಡಿದರೆ ಕೊಯ್ಲಿಗೆ ಮುಂಚೆ ಅದನ್ನು ಭೂಮಿತಾಯಿಗೆ ಮುಟ್ಟಿಸಿ ಕಣ್ಣಿಗೆ ಒತ್ತಿಕೊಳ್ಳುವುದು ರೂಢಿ. ನನ್ನ ಅಪ್ಪ ಹಾಗೆ ಮಾಡುತ್ತಿದ್ದ. ನನ್ನ ಕೈಯೂ ನನ್ನನ್ನು ಕೇಳದೆ ಅದನ್ನೇ ಮಾಡಿತು: ಸೆಗಣಿ ಸಾರಿಸಿದ ಅಂಗಳಕ್ಕೆ ಮುಟ್ಟಿಸಿ, ಕಣ್ಣಿಗೊತ್ತಿ, ಭಕ್ತಿಯಿಂದ ಮುಂದೆ ಚಾಚಿದೆ.

ಆ ಕೈ ಹಿಂದೆ ಸರಿಯಿತು.

“ನೆಲಕ್ಕ ಮುಟ್ಟಿಸಿದ್ರಿ,” ಎಂದಳು.

ನಾನು ಕೈಯಲ್ಲಿದ್ದ ಕುಡಗೋಲನ್ನೂ ಸೆಗಣಿಯ ನೆಲವನ್ನೂ ನೋಡಿದೆ.

“ತಿರಗಿ ಕುದಸ್ರಿ. ಅವಸರ ಇಲ್ಲ, ಕೂಸು ತಾಯಿ ಎದಿ ಮ್ಯಾಲ ಐತಿ.”

ಒಲೆ ಊದುತ್ತ ಕುಳಿತೆ. ಅವಳೂ ನನ್ನ ಹಾಗೆ ಅವಸರದವಳಾಗಿದ್ದರೆ ಆ ಕುಡಗೋಲು ಆಗಲೇ ಒಳಗೆ ಹೋಗಿರುತ್ತಿತ್ತು. ಹೊಗೆಯಿಂದಲೂ ನಾಚಿಕೆಯಿಂದಲೂ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಆಮೇಲೆ ದಿನವೂ ಆ ಮನೆಯ ಕಟ್ಟೆಗೆ ಹೋಗಿ ವಿಚಾರಿಸಿದೆ. ತಾಯಿ ಕೂಸನ್ನು ಯಾರ ಕೈಗೂ ಕೊಡುತ್ತಿರಲಿಲ್ಲ, ಕೆಳಗೂ ಇಡುತ್ತಿರಲಿಲ್ಲ. ಕೂತಲ್ಲೇ ತೂಕಡಿಸಿ, ಬೆಚ್ಚಿ ಎದ್ದು, ಕಿರುಬೆರಳನ್ನು ಅದರ ಬಾಯಿಗಿಟ್ಟು ದವಡೆ ತೆರೆಯುತ್ತದೆಯೇ ಎಂದು ನೋಡುತ್ತಿದ್ದಳಂತೆ. ಎಂಟನೆಯ ದಿನ ನಾನು ಎರಡು ಸಲ ಹೋದೆ. ಒಂಬತ್ತನೆಯ ದಿನ ಬೆಳಿಗ್ಗೆ ಹೋದಾಗ ಸೂಲಗಿತ್ತಿ ಹೊಸ್ತಿಲಿಗೆ ಅಡ್ಡ ಕುಳಿತಿದ್ದಳು. ಒಳಗೆ ಸದ್ದೇ ಇರಲಿಲ್ಲ.

“ಏನಾತಬೇ?” ಎಂದೆ.

“ಸಾವಕಾಶ ಮಾತಾಡ್ರಿ,” ಎಂದಳು. “ಕೂಸಿಗೆ ಹೊಟ್ಟಿ ತುಂಬ ಕುಡಿಸಿ, ತೊಟ್ಲಾಗ ಹಾಕಿ, ತಾನೂ ಮಲಗ್ಯಾಳ.”