ಸವೆಯದ ಸ್ಪ್ಯಾನರ್‌ಗಳು

ಇವತ್ತು ಪೀಣ್ಯದ ಗುಜರಿ ಅಂಗಡಿಯೊಂದರ ಮುಂದೆ ಸೀಮೆಎಣ್ಣೆ, ತುಕ್ಕು ಬೆರೆತ ವಾಸನೆ ಬಂತು. ನನಗೆ ಅದು ಭಾನುವಾರದ ಅಪ್ಪನ ವಾಸನೆ.

ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಹಳೆಯ ಇಂಗ್ಲಿಷ್ ಕಾರುಗಳ ಸ್ಪ್ಯಾನರ್‌ಗಳನ್ನು ಗುಜರಿಯಲ್ಲಿ ಹುಡುಕಿ ತಂದು, ಸೀಮೆಎಣ್ಣೆಯಲ್ಲಿ ನೆನೆಸಿ, ಅಮ್ಮನ ಹಳೇ ಸೀರೆಯ ಚೂರಿನಿಂದ ಒರೆಸುತ್ತಿದ್ದರು. ತಮಗಾಗಿ ಅವರು ಇಟ್ಟುಕೊಂಡಿದ್ದು ಅವನ್ನಷ್ಟೇ. ಅವುಗಳ ಮೇಲಿನ ಸಂಖ್ಯೆ ಬೋಲ್ಟಿನ ದಪ್ಪದ್ದು, ಸ್ಪ್ಯಾನರಿನ ಬಾಯಿಯ ಅಗಲದ್ದಲ್ಲ ಎಂದು ನನಗೆ ಕಲಿಸಿದ್ದೂ ಅವರೇ.

ಒಮ್ಮೆ ಲಗ್ಗೆರೆಯಿಂದ ಬಂದ ದೊಡ್ಡಪ್ಪ, ನನ್ನ ಸ್ಕೂಲಿನ ಸ್ಕೇಲ್ ಹಿಡಿದು ಒಂದರ ಬಾಯಿ ಅಳೆದರು.

"ಅರ್ಧ ಇಂಚು ಅಂತ ಬರ್ದೈತೆ, ಮುಕ್ಕಾಲಿನ ಮೇಲೈತೆ. ಎಲ್ಲಾ ಸವೆದೋಗವೆ ಕಣೋ. ತೂಕಕ್ಕೆ ಹಾಕು, ಮನೇಲಿ ಜಾಗನಾದ್ರೂ ಆಯ್ತದೆ."

ಅಪ್ಪ ವಿವರಿಸುತ್ತಾರೆಂದು ಕಾದೆ. "ಹೂಂ ಅಣ್ಣ" ಎಂದರು. ಸಂಜೆ ತಾವೇ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಸೈಕಲ್ಲಿಗೆ ಕಟ್ಟಿದರು.

"ಸವೆದಿಲ್ಲ ಅಂತ ಯಾಕಪ್ಪಾ ಹೇಳ್ಲಿಲ್ಲ?"

"ದೊಡ್ಡೋರಿಗೆ ಎದುರಾಡ್ಬಾರ್ದು ಪುಟ್ಟಿ."

ದೊಡ್ಡಪ್ಪನಿಗೆ ಗೊತ್ತಿರಲಿಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಗೊತ್ತಿದ್ದೂ ತಲೆಯಾಡಿಸಿದ ಅಪ್ಪನ ಮೇಲೆ. ಇಷ್ಟು ವರ್ಷ ಆ ಸಿಟ್ಟನ್ನು ಇಟ್ಟುಕೊಂಡಿರುವುದು ನ್ಯಾಯವೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆದರೆ ಆಫೀಸಿನಲ್ಲಿ ಯಾರದೋ ತಪ್ಪು ಮಾತಿಗೆ ನಾನೇ ತಲೆಯಾಡಿಸಿ ಬಂದ ದಿನ, ಇದನ್ನು ಎಲ್ಲಿ ಕಲಿತೆನೆಂದು ನೆನಪಾಗಿ ಮತ್ತೆ ಮೈ ಉರಿಯುತ್ತದೆ.

ಮೊನ್ನೆ ದೊಡ್ಡಪ್ಪನ ತಿಥಿಯ ಊಟಕ್ಕೆ ಕೂತಾಗ ಅಪ್ಪ ಪಕ್ಕದವರಿಗೆ ಹೆಮ್ಮೆಯಿಂದ ಹೇಳಿದರು: "ನಮ್ಮಣ್ಣನ ಮಾತು ಒಂದಿನಾನೂ ಮೀರಿಲ್ಲ ನಾನು."

ಬಡಿಸಿದ ಎಲೆಯನ್ನು ಹಾಗೇ ಬಿಟ್ಟು ಎದ್ದೆ.