ಮುನ್ನಾರಿಗೆ ಹಾಕಿದ ಬಜೆಟ್

ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಹನಿಮೂನಿಗೆ ಬಜೆಟ್ ಹಾಕಿದೆ. ಆ ಪದವನ್ನು ಬಾಯಿಬಿಟ್ಟು ಹೇಳಲು ಮಾತ್ರ ನಮ್ಮಿಬ್ಬರಿಗೂ ಆಗುತ್ತಿರಲಿಲ್ಲ. ಹೊಸದಾಗಿ ಕೈಹಿಡಿದ ಗಂಡ ‘ಟೂರು’ ಅನ್ನುತ್ತಿದ್ದರು. ನಾನು ‘ಆ ಐದು ದಿನ’ ಅನ್ನುತ್ತಿದ್ದೆ. ಹನಿಮೂನ್ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದವಳು ನನ್ನ ಹದಿನಾಲ್ಕು ವರ್ಷದ ಮಗಳು ಒಬ್ಬಳೇ.

ಮೊದಲ ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ಬಾಗಲಕೋಟೆ ಕಡೆಯಿಂದ ಮದುವೆಯಾಗಿ ಬೆಂಗಳೂರಿಗೆ ಬಂದ ನಾನು ಅವರು ಹೋದ ಮೇಲೂ ಇಲ್ಲೇ ಉಳಿದೆ. ಕೆಂಪಾಪುರದಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೆ. ಯಲಹಂಕದ ಒಂದು ಇಂಜಿನಿಯರಿಂಗ್ ಕಾಲೇಜಿನ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಈಗಿನ ನನ್ನ ಗಂಡ ಯಶವಂತಪುರದಲ್ಲಿ ಲೇತ್ ಮಷಿನ್ ರಿಪೇರಿಯ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವರು. ವರ್ಷಕ್ಕೆ ನಾಲ್ಕೈದು ಸಲ ನಮ್ಮ ಕಾಲೇಜಿನ ಮಷಿನ್‌ಗಳನ್ನು ನೋಡಲು ಬರುತ್ತಿದ್ದರು. ಬಿಲ್ಲು ನನ್ನ ಟೇಬಲ್ಲಿಗೆ ಬರುತ್ತಿತ್ತು. ಆ ಬಿಲ್ಲುಗಳಲ್ಲಿ ನಾನು ಒಂದು ದಿನವೂ ತಪ್ಪು ಹಿಡಿದಿಲ್ಲ. ಒಂದು ನಟ್ಟಿನ ಬೆಲೆಯನ್ನೂ ಬೇರೆಯಾಗಿ ಬರೆದಿರುತ್ತಿದ್ದರು. ಅವರ ಹೆಂಡತಿ ಕ್ಯಾನ್ಸರಿನಲ್ಲಿ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ ಅನ್ನುವುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಮಾತು ಬಿಲ್ಲಿನಿಂದ ಆಚೆ ಹೋಗಲು ಎರಡು ವರ್ಷ ಹಿಡಿಯಿತು. ಹೋದ ನವೆಂಬರಿನಲ್ಲಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದೆವು. ಮಗಳ ಒಂಬತ್ತನೇ ತರಗತಿ ಪರೀಕ್ಷೆ ಮುಗಿಯುವವರೆಗೆ ಅವರು ತಮ್ಮ ಮನೆಯಲ್ಲೇ ಇರುವುದು, ಆಮೇಲೆ ಕೆಂಪಾಪುರಕ್ಕೆ ಬರುವುದು ಅಂತ ಮಾತಾಗಿತ್ತು. ಅದಕ್ಕೂ ಮೊದಲು ಎಲ್ಲಿಗಾದರೂ ಹೋಗಿಬರೋಣ ಅಂದವರು ಅವರೇ.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಅವರು ಮನೆಗೆ ಬಂದರು. ನಾನು ಮಂಡಕ್ಕಿ ಸುಸಲಾ ಮಾಡಿ ತಟ್ಟೆಗೆ ಹಾಕಿಕೊಟ್ಟು, ಹಾಳೆ ಪೆನ್ನು ತೆಗೆದುಕೊಂಡು ಎದುರಿಗೆ ಕೂತೆ. ನಲವತ್ತು ಸಾವಿರದೊಳಗೆ ಮುಗಿಸಬೇಕು, ಅರ್ಧ ಅವರದು ಅರ್ಧ ನನ್ನದು ಅಂತ ನಾನೇ ಹಟ ಹಿಡಿದಿದ್ದೆ. ನನ್ನ ಇಪ್ಪತ್ತು ಸಾವಿರ ಆಫೀಸಿನ ಹೆಂಗಸರ ಚೀಟಿಯಿಂದ ಬಂದದ್ದು.

“ಎಲ್ಲಿಗೆ ಹೋಗೋಣ, ನೀವು ಹೇಳಿ,” ಅಂದರು.

ನನ್ನ ಮನಸ್ಸಿಗೆ ಒಂದು ಜಾಗ ಬಂದಿತ್ತು. ಹೇಳಲಿಲ್ಲ. “ನೀವೇ ಹೇಳ್ರೀ,” ಅಂದೆ.

“ಊಟಿ ಬೇಡ, ಜನ ಜಾಸ್ತಿ. ಮುನ್ನಾರ್‌ಗೆ ಹೋಗೋಣ.”

ನಾನು ಹಾಳೆಯ ಮೇಲೆ ಮುನ್ನಾರ್ ಅಂತ ಬರೆದು ಕೆಳಗೆ ಬಸ್ಸು, ರೂಮು, ಊಟ, ಸುತ್ತಾಟ ಅಂತ ಸಾಲಾಗಿ ಹಾಕಿದೆ. ಅವರು ಫೋನು ತೆಗೆಯಲೇ ಇಲ್ಲ. ಬಾಯಲ್ಲೇ ಹೇಳುತ್ತಾ ಹೋದರು. ಬಸ್ಸು ಬೆಳಿಗ್ಗೆ ಬೇಗ ಇಳಿಸಿಬಿಡುತ್ತದೆ, ರೂಮು ಮಧ್ಯಾಹ್ನದವರೆಗೂ ಕೊಡುವುದಿಲ್ಲ, ಹಾಗಾಗಿ ಅರ್ಧ ದಿನದ ಬಾಡಿಗೆ ಸೇರಿಸಿಕೊಳ್ಳಿ. ಬಸ್ ಸ್ಟ್ಯಾಂಡ್ ಪಕ್ಕದ ಲಾಡ್ಜಿನಲ್ಲಿ ಗಲಾಟೆ, ಮೇಲಿನ ರಸ್ತೆಯಲ್ಲಿ ತಗೋಬೇಕು. ಬಿಸಿನೀರು ಎಂಟು ಗಂಟೆಗೆ ನಿಂತುಹೋಗುತ್ತದೆ. ಜೀಪಿನವನು ಹೇಳಿದ ರೇಟಿನಲ್ಲಿ ಮೂರನೇ ಒಂದು ಭಾಗ ಇಳಿಸುತ್ತಾನೆ.

“ಆಮೇಲೆ ಶಾಲಿಗೆ ಅಂತ ಎರಡು ಸಾವಿರ ಬೇರೆ ಇಡಿ,” ಅಂದರು.

“ಶಾಲು ಯಾಕ್ರೀ? ಮನೇಲೇ ಎರಡಿದಾವೆ.”

“ಇರ್ಲಿ, ಇಡಿ.”

ಬರೆಯುತ್ತಿದ್ದ ನಾನು ತಲೆಯೆತ್ತಿದೆ. “ಇಷ್ಟೆಲ್ಲಾ ನಿಮಗೆ ಹೆಂಗೆ ಗೊತ್ತು? ಯಾವಾಗ ಹೋಗಿದ್ರಿ?”

“ಹದಿನಾರು ವರ್ಷ ಆಯ್ತು. ರೇಟೆಲ್ಲ ಮೂರು ಪಟ್ಟು ಹಿಡ್ಕೊಳ್ಳಿ ಈಗ.”

“ವರ್ಕ್‌ಶಾಪಿನವರ ಜೊತೆ?”

“ಇಲ್ಲ,” ಅಂದರು. ಅಂದು, ತಟ್ಟೆಯಲ್ಲಿ ಉಳಿದಿದ್ದ ಶೇಂಗಾ ಬೀಜಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳತೊಡಗಿದರು.

ನಾನು ಮುಂದೆ ಕೇಳಲಿಲ್ಲ. ಕೂಡಿಸಿದೆ, ಮೂವತ್ತೆಂಟು ಸಾವಿರದ ಆರು ನೂರು ಬಂತು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, “ಲಾಡ್ಜಿಗೆ ನಾಲ್ಕು ಸಾವಿರ ಅಡ್ವಾನ್ಸ್ ಕಳಿಸಿಬಿಟ್ಟಿದೀನಿ, ಸಿಗಲ್ಲ ಅಂತ,” ಅಂದರು. ಅಂದರೆ ನನ್ನನ್ನು ಎಲ್ಲಿಗೆ ಅಂತ ಕೇಳುವ ಮೊದಲೇ ಕಳಿಸಿದ್ದರು.

ಆ ಸಂಜೆ ಮಗಳು ಟೇಬಲ್ಲಿನ ಮೇಲಿದ್ದ ಹಾಳೆ ಎತ್ತಿಕೊಂಡು ಓದಿದಳು. ಓದಿ ಮುಗಿಸಿ ಕೇಳಿದಳು:

“ಮಮ್ಮಿ, ಇದ್ರಲ್ಲಿ ನಾನೆಲ್ಲಿದೀನಿ?”

“ನೀನು ಕೆಳಗೆ ಅಜ್ಜಿ ಹತ್ರ ಇರ್ತೀಯಲ್ಲ. ಮಾತಾಡಿದೀನಿ ಅವರ ಹತ್ರ.” ಅಜ್ಜಿ ಅಂದರೆ ನಮ್ಮ ಮನೆಯ ಮಾಲೀಕರ ತಾಯಿ. ಕೆಂಪಾಪುರ ಹೊಲವಾಗಿದ್ದಾಗಿನಿಂದ ಅಲ್ಲಿರುವವರು.

“ನಂಗೇನೂ ನಿಮ್ ಜೊತೆ ಬರ್ಬೇಕು ಅಂತಿಲ್ಲ. ಆದ್ರೆ ಒಂದ್ ಮಾತು ಕೇಳ್ಬೋದಿತ್ತು.”

ಬೆಳಿಗ್ಗೆಯಿಂದ ನನ್ನೊಳಗೆ ಕೊರೆಯುತ್ತಿದ್ದ ಮಾತೂ ಅದೇ ಆಗಿತ್ತು.

ಸೋಮವಾರ, ಮಂಗಳವಾರ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಅವರ ತೀರಿಕೊಂಡ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಸಣ್ಣವಳೇ ನಾನು ಅಂತ ನನ್ನನ್ನೇ ಬೈದುಕೊಂಡೆ. ಅದು ಹೊಟ್ಟೆಕಿಚ್ಚಾಗಿರಲಿಲ್ಲ. ಆ ಊರಿನಲ್ಲಿ ಅವರು ನನ್ನ ಪಕ್ಕದಲ್ಲಿ ನಡೆಯುತ್ತಾ ಇನ್ನಾರನ್ನೋ ನೋಡುತ್ತಿರುತ್ತಾರೆ, ನಾನು ಬರೀ ಜಾಗ ತುಂಬುವವಳಾಗಿರುತ್ತೇನೆ ಅನ್ನುವ ಭಯ. ಬುಧವಾರ ತಡೆಯಲಾಗದೆ ಅರ್ಧ ದಿನ ರಜೆ ಹಾಕಿ ಬಸ್ಸು ಹಿಡಿದು ಯಶವಂತಪುರಕ್ಕೆ ಹೋದೆ.

ವರ್ಕ್‌ಶಾಪಿಗೆ ನಾನು ಹೋದದ್ದು ಅದೇ ಮೊದಲು. ಅವರು ನನ್ನನ್ನು ನೋಡಿ ಗಾಬರಿಯಾಗಿ ಮಷಿನ್ ಆಫ್ ಮಾಡಿದರು. ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ, “ಏನಾಯ್ತು? ಮಗು ಹುಷಾರಾಗಿದ್ದಾಳಾ?” ಅಂದರು.

“ಹುಷಾರಿದ್ದಾಳೆ. ಮುನ್ನಾರಿಗೆ ನೀವು ಅವರ ಜೊತೆ ಹೋಗಿದ್ರಿ, ಅಲ್ವಾ?”

ಅವರು ನನಗೆ ಸ್ಟೂಲು ಎಳೆದುಕೊಟ್ಟು ತಾವು ನಿಂತೇ ಹೇಳಿದರು. ಮದುವೆಯಾದ ಹೊಸತು, ವರ್ಕ್‌ಶಾಪೂ ಹೊಸತು. ಮೂರು ದಿನ ಹೋಗಿದ್ದರು. ಮೂರು ದಿನವೂ ಇವರು ಒಂದೊಂದು ರೂಪಾಯಿಗೂ ಲೆಕ್ಕ ನೋಡಿದ್ದರು. ಕೊನೆಯ ಸಂಜೆ ಆಕೆ ಅಂಗಡಿಯೊಂದರಲ್ಲಿ ಶಾಲು ಎತ್ತಿ ಭುಜಕ್ಕೆ ಹಾಕಿಕೊಂಡು ನೋಡಿದರಂತೆ. ಅಂಗಡಿಯವನು ಆರು ನೂರು ಹೇಳಿದ. ಚಿಕ್ಕಪೇಟೆಯಲ್ಲಿ ಇದೇ ಇನ್ನೂರೈವತ್ತಕ್ಕೆ ಸಿಗುತ್ತದೆ ಅಂದು ಇವರು ಮುಂದೆ ನಡೆದುಬಿಟ್ಟರು. ಚಿಕ್ಕಪೇಟೆಯಲ್ಲೂ ಕೊಡಿಸಲಿಲ್ಲ.

“ಆಸ್ಪತ್ರೇಲಿದ್ದಾಗ ಒಂದ್ಸಲ ನಗ್ತಾ ಹೇಳಿದ್ಲು. ನೀವು ನಂಗೆ ಮುನ್ನಾರ್ ತೋರಿಸ್ಲಿಲ್ಲ, ಅಲ್ಲಿನ ರೇಟ್ ತೋರಿಸಿದ್ರಿ ಅಂತ. ಅವಳು ತಮಾಷೆಗೆ ಅಂದಿದ್ದು. ನಂಗೆ ಅವತ್ತಿಂದ…” ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು. “ಈ ಸಲ ಆದ್ರೂ ಸರಿಯಾಗಿ ಕರ್ಕೊಂಡ್ ಹೋಗ್ಬೇಕು ಅಂತ ಇತ್ತು.”

ಬೆಂಗಳೂರಿಗೆ ಬಂದು ಇಷ್ಟು ವರ್ಷವಾದರೂ ಸಿಟ್ಟು ಬಂದರೆ ನನ್ನ ಬಾಯಿಗೆ ನಮ್ಮೂರ ಮಾತೇ ಬರುವುದು. “ಅಂದ್ರ ನಾ ಏನ್ ಅವ್ರ ಬದಲಿ ಹೋಗ್ಬೇಕೇನ್ರಿ? ಅವ್ರಿಗೆ ಕೊಡಸದ ಶಾಲು ನಾ ಹೊದ್ಕೊಂಡು ಅಡ್ಡಾಡ್ಬೇಕೇನು? ತಪ್ಪು ಮಾಡಿದ್ದು ಅವ್ರಿಗೆ, ತೀರಸೂದು ನನಗ?”

ಅವರು ತಲೆತಗ್ಗಿಸಿ ನಿಂತರು. “ನಾನು ಹಂಗೆ ಯೋಚ್ನೆ ಮಾಡ್ಲಿಲ್ಲ,” ಅಂದರು. ನಾನು ಎದ್ದು ಬಂದೆ.

ಮತ್ತಿಕೆರೆ ದಾಟಿ ಹೆಬ್ಬಾಳದ ಕಡೆ ಬಸ್ಸು ತೆವಳುತ್ತಿತ್ತು. ಕಿಟಕಿ ಪಕ್ಕ ಕೂತವಳಿಗೆ ಸಿಟ್ಟು ಇಳಿಯುತ್ತಿದ್ದಂತೆ ನಾಚಿಕೆ ಏರತೊಡಗಿತು. ಭಾನುವಾರ ಎಲ್ಲಿಗೆ ಅಂತ ಅವರು ಕೇಳಿದಾಗ ನನಗೆ ಹೊಳೆದಿದ್ದು ಸಮುದ್ರ. ಮೊದಲ ಗಂಡ ಪ್ರತಿ ಬೇಸಿಗೆಯಲ್ಲೂ ‘ಈ ವರ್ಷ ಸಮುದ್ರ ನೋಡಾಕ ಹೋಗೋಣು’ ಅನ್ನುತ್ತಿದ್ದರು. ಒಂದು ವರ್ಷವೂ ಆಗಲಿಲ್ಲ. ಸಮುದ್ರ ಅಂದರೆ ಅವರ ಮಾತು, ಅದನ್ನು ಇವರ ಮುಂದೆ ಹೇಗೆ ಹೇಳುವುದು ಅಂತ ಬಾಯಿ ಮುಚ್ಚಿಕೊಂಡಿದ್ದೆ. ಇವರು ತಮ್ಮ ಮನಸ್ಸಿನಲ್ಲಿದ್ದುದನ್ನು ಇವತ್ತು ನಾನು ನೇರವಾಗಿ ಕೇಳಿದ ಕೂಡಲೇ ಹೇಳಿದರು. ನಾನು ನನ್ನದನ್ನು ಬಚ್ಚಿಟ್ಟುಕೊಂಡು ಅವರನ್ನು ಬೈದು ಬಂದಿದ್ದೆ.

ಆದರೂ ಫೋನು ಮಾಡಲಿಲ್ಲ. ಅವರೂ ಮಾಡಲಿಲ್ಲ. ಎಂಟು ದಿನ ಹಾಗೇ ಹೋಯಿತು. ಮದುವೆಯಾಗಿ ಎರಡು ತಿಂಗಳಿಗೇ ಇದು ಮುರಿದುಬಿತ್ತೇ, ಮಗಳ ಮುಂದೆ ಯಾವ ಮುಖ ಇಟ್ಟುಕೊಳ್ಳಲಿ ಅಂತ ಯೋಚಿಸಿ ಯೋಚಿಸಿ ಊಟ ಸೇರುತ್ತಿರಲಿಲ್ಲ. ನೀರಿನ ಮೋಟಾರು ಹಾಕಲು ಕೆಳಗೆ ಹೋದಾಗ ಅಜ್ಜಿ ಕೇಳಿದರು:

“ಏನವ್ವ, ಓಗಲ್ವಾ ಊರ್ಗೆ? ಮಕ ಯಾಕಿಂಗೆ ಬಾಡೋಗದೆ?”

“ಜಗಳ ಆಯ್ತು ಅಜ್ಜಿ.”

“ಆಗ್ಲಿ ಬುಡು. ಇಷ್ಟ್ ದಿನ ಇಬ್ರೂ ನೆಂಟ್ರಂಗೆ ರೀ ರೀ ಅಂತ ಮಾತಾಡ್ತಿದ್ರಿ, ನಂಗೇ ನೋಡಾಕಾಗ್ತಿರ್ನಿಲ್ಲ.”

ಒಂಬತ್ತನೆಯ ದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಅವರ ಫೋನು ಬಂತು. “ಮುನ್ನಾರ್ ಕ್ಯಾನ್ಸಲ್ ಮಾಡ್ದೆ. ಅಡ್ವಾನ್ಸ್ ವಾಪಸ್ ಕೊಡಲ್ಲ ಅಂದ್ರು, ಅದು ನನ್ ಲೆಕ್ಕಕ್ಕೆ. ಈಗ ನೀವ್ ಹೇಳಿ. ಅವತ್ತೂ ನಿಮ್ಮ ಬಾಯಲ್ಲಿ ಏನೋ ಇತ್ತು.”

ನಾನು ಡಬ್ಬಿ ಮುಚ್ಚಿ ಮೆಟ್ಟಿಲ ಬಳಿ ಹೋಗಿ ನಿಂತು ಹೇಳಿದೆ. ಸಮುದ್ರ ಅಂತಲೂ ಹೇಳಿದೆ, ಯಾಕೆ ಅಂತಲೂ ಹೇಳಿದೆ. ಆ ಕಡೆ ಲೇತ್ ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು.

“ಬೇಡ ಅಂದ್ರೆ ಬೇಡ ರೀ,” ಅಂದೆ.

“ನಂಗೂ ಸ್ವಲ್ಪ ಕಷ್ಟ ಆಗುತ್ತೆ,” ಅಂದರು. “ನೀವು ಅವತ್ತು ಯಾಕೆ ಅಷ್ಟು ಬೈದ್ರಿ ಅಂತ ಈಗ ಗೊತ್ತಾಯ್ತು. ಆದ್ರೂ ಹೋಗೋಣ.”

ಈ ಸಲ ಮಗಳನ್ನು ಕೇಳಿದೆ. ಅವಳು ಪುಸ್ತಕದಿಂದ ತಲೆಯೆತ್ತದೆ, “ನಾನ್ ಬರಲ್ಲ, ನೀವ್ ಹೋಗ್ಬನ್ನಿ,” ಅಂದಳು. ಬೇಡ ಅಂದರೂ, ಕೇಳಿದ್ದಕ್ಕೆ ಅವಳ ದನಿ ಸ್ವಲ್ಪ ಮೆತ್ತಗಾಗಿತ್ತು.

ಹೊಸ ಹಾಳೆಯಲ್ಲಿ ಹೊಸದಾಗಿ ಬರೆದೆವು. ನಾಲ್ಕು ಸಾವಿರ ಕೈಬಿಟ್ಟಿತ್ತು, ಹಾಗಾಗಿ ಐದು ದಿನ ನಾಲ್ಕಾಯಿತು. ಫೆಬ್ರವರಿಯಲ್ಲಿ ಯಶವಂತಪುರದಿಂದ ರೈಲು ಹತ್ತಿ ಗೋಕರ್ಣಕ್ಕೆ ಹೋದೆವು.

ಮೊದಲ ಸಲ ಸಮುದ್ರ ಕಂಡಾಗ ಚೆಂದ ಅನ್ನಿಸುವ ಮೊದಲು ಅಳು ಬಂತು. ಇವರು ನನ್ನ ಚಪ್ಪಲಿಯನ್ನೂ ಕೈಯಲ್ಲಿ ಹಿಡಿದುಕೊಂಡು ದೂರ ಹೋಗಿ ಬೆನ್ನು ತಿರುಗಿಸಿ ನಿಂತರು. ನಾನಾಗಿ ಹೋಗಿ ಪಕ್ಕದಲ್ಲಿ ನಿಲ್ಲುವವರೆಗೂ ತಿರುಗಲಿಲ್ಲ.

ಆದರೆ ಅದರ ಮರುದಿನದಿಂದ ಬೇರೆಯೇ ಕಷ್ಟ ಶುರುವಾಯಿತು. ನಾನು ಯಾವುದರ ಕಡೆ ಕಣ್ಣು ಹಾಯಿಸಿದರೂ ಅವರು ಪರ್ಸು ತೆಗೆಯುತ್ತಿದ್ದರು. ಕಪ್ಪೆಚಿಪ್ಪಿನ ಸರ, ಮರದ ಬಾಚಣಿಗೆ, ಬಣ್ಣದ ಚೀಲ. ಬೇಡ ಅಂದರೆ, “ಇರ್ಲಿ, ತಗೊಳ್ಳಿ.” ಸಮುದ್ರ ಕಾಣುವ ರೂಮು ಬೇಕಾ ಅಂತ ಕೇಳಿ, ನಾನು ಉತ್ತರ ಕೊಡುವ ಮೊದಲೇ ಬದಲಾಯಿಸಿಬಿಟ್ಟರು. ಸಂಜೆಯ ಹೊತ್ತಿಗೆ ನನಗೆ ಅಂಗಡಿಗಳ ಕಡೆ ನೋಡಲೇ ಭಯವಾಗತೊಡಗಿತು. ಆ ‘ಇರ್ಲಿ’ ನನಗೆ ಹೇಳಿದ್ದಲ್ಲ ಅಂತ ಗೊತ್ತಿತ್ತು.

ಮರಳಿನ ಮೇಲೆ ಕೂತಿದ್ದಾಗ ಹೇಳಿಯೇಬಿಟ್ಟೆ. “ದುಬಾರಿ ಅನ್ನಿಸಿದ್ರೆ ಬೇಡ ಅನ್ರೀ. ನನಗೇನೂ ಬೇಜಾರಾಗಲ್ಲ.”

“ಬೇಡ ಅನ್ನೋಕೆ ಭಯ ಆಗುತ್ತೆ,” ಅಂದರು. ಈ ಟೂರಿನ ಮಾತು ಶುರುವಾದಾಗಿನಿಂದ ಅವರು ಇಷ್ಟು ನೇರವಾಗಿ ಏನನ್ನೂ ಹೇಳಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ದೋಣಿಯವನೊಬ್ಬ ಡಾಲ್ಫಿನ್ ತೋರಿಸುತ್ತೇನೆ, ಇಬ್ಬರಿಗೆ ಎರಡು ಸಾವಿರ ಅಂದ. ನಾನು ದೋಣಿಯನ್ನೇ ನೋಡುತ್ತಿದ್ದೆ. ಇವರು ನನ್ನ ಮುಖ ನೋಡಿದರು, ದೋಣಿ ನೋಡಿದರು, ಕೈ ಜೇಬಿನ ತನಕ ಹೋಗಿ ನಿಂತಿತು.

“ಜಾಸ್ತಿ ಆಯ್ತು,” ಅಂದರು. “ಬೇಡ.”

ಸರಿ ಅಂದೆ. ಬೇಜಾರಾಗಲ್ಲ ಅಂತ ಹೇಳಿದ್ದೆನಲ್ಲ, ಆದರೆ ಆಯಿತು. ಆ ದೋಣಿಯಲ್ಲಿ ಹೋಗಬೇಕು ಅಂತ ನನಗೆ ನಿಜವಾಗಿಯೂ ಆಸೆಯಿತ್ತು. ಸ್ವಲ್ಪ ದೂರ ಬಂದ ಮೇಲೆ ಅದನ್ನೂ ಹೇಳಿದೆ. ಅವರು ವಾಪಸ್ ಹೋಗಿ ಚೌಕಾಸಿ ಮಾಡಿ ನೋಡಿದರು. ಅವನು ಒಂದು ರೂಪಾಯಿ ಇಳಿಸಲಿಲ್ಲ. ನಾವು ಹೋಗಲಿಲ್ಲ. ಅರ್ಧ ಗಂಟೆ ನಾನು ಮುಖ ಊದಿಸಿಕೊಂಡೇ ಇದ್ದೆ. ಅವರು ಸಮಾಧಾನ ಮಾಡಲು ಬರಲಿಲ್ಲ, ಏನನ್ನೂ ಕೊಡಿಸಲೂ ಹೋಗಲಿಲ್ಲ. ಪಕ್ಕದಲ್ಲಿ ಕೂತು ಚಹಾ ಕುಡಿದರು. ಮದುವೆಯಾದಾಗಿನಿಂದ ಅವರು ನನ್ನೊಬ್ಬಳ ಜೊತೆಗೇ ಇದ್ದ ಮೊದಲ ಅರ್ಧ ಗಂಟೆ ಅದು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಏಪ್ರಿಲ್‌ನಲ್ಲಿ ಅವರು ಎರಡು ಸೂಟ್‌ಕೇಸು, ಒಂದು ಟೂಲ್ ಬಾಕ್ಸು ತೆಗೆದುಕೊಂಡು ಕೆಂಪಾಪುರದ ಮನೆಗೆ ಬಂದರು. ಮಗಳು ಅವರನ್ನು ಅಂಕಲ್ ಅನ್ನುತ್ತಾಳೆ. ಅವರು ಊಟಕ್ಕೆ ಕೂತರೆ ತನ್ನ ತಟ್ಟೆ ಎತ್ತಿಕೊಂಡು ರೂಮಿಗೆ ಹೋಗುತ್ತಾಳೆ. ಮುಂದಿನ ರಜೆಗೆ ಮೂವರೂ ಎಲ್ಲಿಗಾದರೂ ಹೋಗೋಣವಾ ಅಂತ ಹೋದ ವಾರ ಅವರೇ ಅವಳನ್ನು ಕೇಳಿದರು. “ನೋಡೋಣ,” ಅಂದಳು. ಅದಕ್ಕಿಂತ ಹೆಚ್ಚಿಗೆ ಅವಳು ಇನ್ನೂ ಏನೂ ಹೇಳಿಲ್ಲ.